ಓಡದ ಎಂಜಿನ್ನುಗಳ ಅಧ್ಯಾಯ

ರೈಲೇ ಇಲ್ಲದ ಊರಿನಲ್ಲಿ ಕೂತು ರೈಲು ಎಂಜಿನ್ನಿನ ಬಗ್ಗೆ ಪುಸ್ತಕ ಬರೆಯುತ್ತೇನೆಂದು ನಾನು ಒಪ್ಪಿಕೊಂಡದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ಆಲ್ದೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಕುಕ್ಕರ್ ಯಾಕೆ ಸೀಟಿ ಹೊಡೆಯುತ್ತದೆ ಅಂತ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಎರಡು ಪುಟ ಬರೆದಿದ್ದೆ. ಅದನ್ನು ಓದಿದ ಬೆಂಗಳೂರಿನ ಒಬ್ಬ ಸಂಪಾದಕರು, ಶಾಲಾ ಮಕ್ಕಳಿಗಾಗಿ ವಿಜ್ಞಾನದ ಪುಟ್ಟ ಪುಸ್ತಕಗಳನ್ನು ತರುತ್ತಿದ್ದವರು, ಇದೇ ಧಾಟಿಯಲ್ಲಿ ಉಗಿ ಎಂಜಿನ್ನಿನ ಕಥೆ ಬರೆದುಕೊಡಿ ಎಂದು ಕೇಳಿದರು. ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ.

ನಮ್ಮ ಕಡೆಯವರು ರೈಲು ನೋಡಬೇಕೆಂದರೆ ಕಡೂರಿಗೋ ಬೀರೂರಿಗೋ ಹೋಗಬೇಕಿತ್ತು. ನಾನು ಹುಟ್ಟಿದ್ದು ಜಾವಳಿಯಲ್ಲಿ. ಮದುವೆಯಾಗಿ ಬಂದದ್ದು ಆಲ್ದೂರಿಗೆ. ಎರಡೂ ಕಡೆ ಹಳಿ ಅನ್ನುವುದೇ ಇಲ್ಲ. ಚಿಕ್ಕಮಗಳೂರಿಗೆ ರೈಲು ಬರುತ್ತದಂತೆ ಎಂದು ನಮ್ಮ ತಂದೆ ಯುವಕರಾಗಿದ್ದಾಗಲೇ ಮಾತಾಡಿಕೊಳ್ಳುತ್ತಿದ್ದರಂತೆ, ನಾನು ಪುಸ್ತಕ ಬರೆಯುವ ಹೊತ್ತಿಗೂ ಮಾತಾಡಿಕೊಳ್ಳುತ್ತಲೇ ಇದ್ದರು.

ಮೊದಲ ಅಧ್ಯಾಯಗಳೇನೂ ಕಷ್ಟವಾಗಲಿಲ್ಲ. ನೀರು ಕುದಿಯುವುದು, ಉಗಿ ತಳ್ಳುವುದು, ಗಾಲಿ ತಿರುಗುವುದು, ಇದನ್ನೆಲ್ಲ ವರ್ಷವರ್ಷವೂ ತರಗತಿಯಲ್ಲಿ ಹೇಳಿದವಳೇ. ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಒಂದು ಲೈಬ್ರರಿಯಲ್ಲಿ ಕೂತು ದಪ್ಪನೆಯ ಇಂಗ್ಲಿಷ್ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ ಆ ರಾಕ್ಷಸ ಎಂಜಿನ್ನುಗಳು ಎದುರಾದವು. ಅಲ್ಲಿಂದ ನನ್ನ ನೆಮ್ಮದಿ ಹೋಯಿತು.

ವಿಷಯ ಇಷ್ಟು. ಬೆಟ್ಟದ ಮೇಲೆ ಉದ್ದುದ್ದ ಗೂಡ್ಸ್ ರೈಲು ಎಳೆಯಬೇಕಾದರೆ ಎಂಜಿನ್ ದೊಡ್ಡದಾಗಬೇಕು. ದೊಡ್ಡದಾದರೆ ಗಾಲಿ ಹೆಚ್ಚಬೇಕು. ಗಾಲಿಗಳೆಲ್ಲ ಒಂದೇ ಚೌಕಟ್ಟಿಗೆ ಬಿಗಿದಿದ್ದರೆ ಬೆಟ್ಟದ ತಿರುವಿನಲ್ಲಿ ಎಂಜಿನ್ ಹೊರಳುವುದಿಲ್ಲ. ಅದಕ್ಕೆ ಗಾಲಿಗಳನ್ನು ಎರಡು ಗುಂಪು ಮಾಡಿ ನಡುವೆ ಕೀಲು ಇಟ್ಟರು. ಒಂದು ಬಗೆಯಲ್ಲಿ ಹಿಂದಿನ ಗುಂಪು ಬಾಯ್ಲರಿಗೆ ಅಂಟಿಕೊಂಡಿರುತ್ತದೆ, ಮುಂದಿನದು ಅತ್ತಿತ್ತ ಆಡುತ್ತದೆ. ಇನ್ನೊಂದು ಬಗೆಯಲ್ಲಿ ಮುಂದೊಂದು ಹಿಂದೊಂದು ಗಾಲಿಗಳ ಗುಂಪು, ಅವೆರಡರ ನಡುವೆ ತೊಟ್ಟಿಲಿನ ಹಾಗೆ ತೂಗುವ ಬಾಯ್ಲರು. ಇಲ್ಲಿಯವರೆಗೆ ಎಲ್ಲ ಸರಿ. ಇವು ಓಡಿದವು, ಎಷ್ಟೋ ದೇಶಗಳಲ್ಲಿ ಓಡಿದವು.

ಅಮೆರಿಕದವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಒಂದು ಕಂಪನಿ ಬಾಯ್ಲರನ್ನೇ ನಡುವೆ ಬಾಗುವ ಹಾಗೆ ಮಾಡಿತು. ಹಾರ್ಮೋನಿಯಂನ ತಿದಿಯ ಥರ ಉಕ್ಕಿನ ಬಳೆಗಳನ್ನು ಮಡಿಕೆ ಮಡಿಕೆಯಾಗಿ ಜೋಡಿಸಿತು. ಮಡಿಕೆಯೊಳಗೆ ಮಸಿ, ಕಿಟ್ಟ ಕೂತು ಕಥೆ ಮುಗಿಯಿತು. ಮತ್ತೊಬ್ಬರು ಎರಡು ಗುಂಪು ಸಾಲದೆಂದು ಕಲ್ಲಿದ್ದಲು ಮತ್ತು ನೀರು ಹೊರುವ ಹಿಂದಿನ ಬಂಡಿಯ ಅಡಿಗೂ ಮೂರನೆಯ ಗುಂಪು ಕೂರಿಸಿದರು. ಪರೀಕ್ಷೆಗೆಂದು ಒಂದು ಸಲ ಅದು ಎಳೆದ ರೈಲು ಒಂದು ಮೈಲಿಗೂ ಹೆಚ್ಚು ಉದ್ದ ಇತ್ತು. ಆದರೆ ದಿನದಿನದ ಕೆಲಸಕ್ಕೆ ಹಚ್ಚಿದಾಗ ಸ್ವಲ್ಪ ದೂರಕ್ಕೇ ಏದುಸಿರು. ಉಗಿಯೇ ಸಾಲುತ್ತಿರಲಿಲ್ಲ.

ಲೈಬ್ರರಿಯ ಮೇಜಿನಲ್ಲಿ ಇದನ್ನು ಓದುತ್ತಾ ಓದುತ್ತಾ ಊಟದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಯಾರೂ ಯಾವತ್ತೂ ಸೋಲುವುದಿಲ್ಲ. ಒಬ್ಬರು ಕಂಡುಹಿಡಿದರು, ಮುಂದಿನ ಪಾಠ. ಇಲ್ಲಿ ಲೆಕ್ಕ ಬಲ್ಲ ದೊಡ್ಡ ದೊಡ್ಡ ಎಂಜಿನಿಯರುಗಳು ಊರಷ್ಟು ದೊಡ್ಡ ತಪ್ಪು ಮಾಡಿ, ಅದಕ್ಕೆ ಬಣ್ಣ ಹೊಡೆದು, ಮುಂದೆ ನಿಂತು ಫೋಟೋ ಹಿಡಿಸಿಕೊಂಡಿದ್ದರು. ಮಕ್ಕಳಿಗೆ ಹೇಳಬೇಕಾದದ್ದು ಇದು ಅನ್ನಿಸಿತು. ಬೇಕಾದ ಪುಟಗಳನ್ನೆಲ್ಲ ಜೆರಾಕ್ಸ್ ಮಾಡಿಸಿಕೊಂಡು ರಾತ್ರಿ ಬಸ್ಸು ಹತ್ತಿದೆ.

ಮನೆಗೆ ಬಂದು ಬಿಚ್ಚಿದರೆ ಅಕ್ಷರಗಳಿದ್ದ ಪುಟಗಳು ಚೆನ್ನಾಗಿದ್ದವು. ಫೋಟೋಗಳು ಮಾತ್ರ ಪೂರ್ತಿ ಕಪ್ಪು. ಮೂರು ಗುಂಪಿನ ಎಂಜಿನ್ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಇಟ್ಟಿಗೆ, ಒಂದು ತುದಿಯಲ್ಲಿ ಬೆಳ್ಳನೆಯ ಚುಕ್ಕೆ. ಅದು ದೀಪವೋ ಜೆರಾಕ್ಸಿನ ಕಲೆಯೋ ಗೊತ್ತಾಗುವಂತಿರಲಿಲ್ಲ. ಮೂರನೆಯ ಗುಂಪಿಗೆ ಉಗಿಯ ಪೈಪು ಎಲ್ಲಿಂದ ಹೋಗುತ್ತದೆ, ಕೀಲು ಯಾವ ಕಡೆಗಿದೆ, ಏನೂ ತಿಳಿಯದು. ನಮ್ಮವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಎಂತ ಮಾರಾಯ್ತಿ, ಇದು ನಮ್ಮ ಬಚ್ಚಲೊಲೆ ಇದ್ದ ಹಂಗಿದೆ," ಅಂದರು.

ಬಾಯಲ್ಲಿ ಹೇಳಿದರೆ ಅರ್ಥವಾಗುವ ಸಂಗತಿಗೂ ಬರೆಯಲು ಪದ ಇರಲಿಲ್ಲ. ಇಂಥ ಎಂಜಿನ್ನಿಗೆ ಕನ್ನಡದಲ್ಲಿ ಏನನ್ನಬೇಕು? ಮಡಚುವ ಎಂಜಿನ್ ಅಂದರೆ ಕೊಡೆಯ ನೆನಪಾಗುತ್ತದೆ. ಬಳುಕುವ ಎಂಜಿನ್ ಅಂದರೆ ಹುಡುಗರು ನಗುತ್ತಾರೆ. ವಾರಗಟ್ಟಲೆ ಇದೇ ಯೋಚನೆ. ಅಡುಗೆಮನೆಯಲ್ಲಿ ಒಗ್ಗರಣೆ ಸೀಯುತ್ತಿದ್ದರೂ ಗಮನವಿರುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆಂದು ನಾವಿಬ್ಬರೂ ಜಾವಳಿಗೆ ಹೊರಟಿದ್ದೆವು. ಮೂಡಿಗೆರೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸು ನಿಂತಿತು. ಮುಂದೆ ಲೈಟುಕಂಬಗಳನ್ನು ಹೇರಿಕೊಂಡ ಉದ್ದನೆಯ ಲಾರಿಯೊಂದು ತಿರುವಿಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಮುಂದಕ್ಕೆ ಹೋದರೆ ಮೂತಿ ರಸ್ತೆ ಬದಿಯ ಮಣ್ಣಿನ ಬರೆಗೆ ಬಡಿಯುತ್ತದೆ, ಹಿಂದಕ್ಕೆ ಬಂದರೆ ಕಂಬದ ತುದಿ ನಮ್ಮ ಬಸ್ಸಿನ ಗಾಜಿಗೆ ಬರುತ್ತದೆ. ಎಲ್ಲರೂ ಇಳಿದು ನಿಂತು ಡ್ರೈವರಿಗೆ ಬುದ್ಧಿ ಹೇಳಲು ಶುರು ಮಾಡಿದರು. ನಾಮಕರಣದ ಮುಹೂರ್ತ ತಪ್ಪಿತೆಂದು ನಾನು ಕುದಿಯುತ್ತಿದ್ದೆ.

ಅಷ್ಟರಲ್ಲಿ ಎದುರಿನಿಂದ ಗೊಬ್ಬರ ಹೇರಿಕೊಂಡ ಟ್ರ್ಯಾಕ್ಟರೊಂದು ಬಂತು. ಲಾರಿಗೂ ಬರೆಗೂ ನಡುವೆ ಉಳಿದ ಜಾಗದಲ್ಲಿ ಟ್ರ್ಯಾಕ್ಟರು ತಲೆ ಹೊರಳಿಸಿ ನುಗ್ಗಿತು. ಅದರ ಟ್ರೈಲರ್ ಹಿಂದಿನಿಂದ ಬೇರೆಯದೇ ಒಂದು ಗೆರೆ ಹಿಡಿದು ಬಂದು ಸಲೀಸಾಗಿ ದಾಟಿಕೊಂಡಿತು. ಉದ್ದದಲ್ಲಿ ಲಾರಿಗಿಂತೇನೂ ಕಡಿಮೆ ಇರಲಿಲ್ಲ ಅದು.

"ನೋಡಿ, ಅದು," ಎಂದು ನಮ್ಮವರ ತೋಳು ಹಿಡಿದೆ.

"ಎಂತದು?"

"ಕೀಲು. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಕೀಲು ಇದೆಯಲ್ಲ. ಅದೇ ನನ್ನ ಎಂಜಿನ್."

"ಈಗ ನಾಮಕರಣದ ಬಗ್ಗೆ ಯೋಚನೆ ಮಾಡು," ಅಂದರು ಅವರು. ನಾವು ಜಾವಳಿ ಮುಟ್ಟುವಾಗ ಮಗು ಹೆಸರಿಡಿಸಿಕೊಂಡು ಮಲಗಿತ್ತು. ತಂಗಿ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನನಗೆ ಮಾತ್ರ ಪದ ಸಿಕ್ಕಿತ್ತು. ಕೀಲೆಂಜಿನ್.

ಪದ ಸಿಕ್ಕರೂ ಫೋಟೋ ಸಿಗಲಿಲ್ಲ. ಅಂಥ ಎಂಜಿನ್ನನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದಾಗ, ಆಲ್ದೂರು ಪೇಟೆಯಲ್ಲಿ ಮಗಳ ಮನೆಯಲ್ಲಿರುವ ನಿವೃತ್ತ ರೈಲ್ವೆಯವರೊಬ್ಬರ ಸುದ್ದಿ ಬಂತು. ಬಂಗಾಳದ ಕಡೆ ಇದ್ದವರಂತೆ, ದೊಡ್ಡ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರಂತೆ. ನಮ್ಮ ದೇಶದಲ್ಲಿ ತೊಟ್ಟಿಲಿನಂಥ ಬಾಯ್ಲರಿನ ಭಾರಿ ಎಂಜಿನ್ನುಗಳು ಓಡಾಡಿದ್ದು ಆ ಕಡೆಯೇ. ನನಗೆ ಲಾಟರಿ ಹೊಡೆದ ಹಾಗಾಯಿತು. ಮುಂದಿನ ಭಾನುವಾರವೇ ಅಂಗಡಿಯಿಂದ ಒಂದು ಪೊಟ್ಟಣ ಬಿಸ್ಕತ್ತು ತೆಗೆದುಕೊಂಡು ಹೋದೆ.

ಅವರು ದಪ್ಪ ಮೀಸೆಯ, ದೊಡ್ಡ ದನಿಯ ಮನುಷ್ಯ. ಅಂಗಡಿ ಸಾಲಿನ ಮೇಲಿನ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಬಸ್ಸುಗಳ ಹೊತ್ತು ನೋಡುವುದು ಅವರ ಕೆಲಸ. "ಐದು ನಿಮಿಷ ಲೇಟು," ಎಂದು ಬಸ್ಸಿನತ್ತ ಬೆರಳು ತೋರಿಸಿ ನನ್ನನ್ನು ಕೂರಿಸಿದರು. ಮೊದಲ ಭಾನುವಾರ ಕ್ವಾರ್ಟರ್ಸಿನ ಬಗ್ಗೆ ಹೇಳಿದರು. ಎರಡನೆಯ ಸಲ ತಮ್ಮ ಮೇಲಿನ ಅಧಿಕಾರಿಯೊಬ್ಬ ರಜೆ ಕೊಡದೆ ಸತಾಯಿಸಿದ್ದನ್ನು ಹೇಳಿದರು. ಆ ಅಧಿಕಾರಿಯ ಮೇಲೆ ಅವರ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು. ಎಂಜಿನ್ ಅಂತ ನಾನು ಬಾಯಿ ತೆರೆದಾಗಲೆಲ್ಲ, "ಬರ್ತೀನಿ ಅಲ್ಲಿಗೆ, ಬರ್ತೀನಿ," ಅನ್ನುತ್ತಿದ್ದರು. ಕಾಫಿ ತಂದಿಟ್ಟ ಮಗಳು ನನ್ನನ್ನು ನೋಡಿ ಪಾಪ ಅನ್ನುವ ಹಾಗೆ ನಗುತ್ತಿದ್ದಳು.

ಮೂರನೆಯ ಸಲ ನಾನು ಪೆನ್ನು ಹಿಡಿದು ನೇರವಾಗಿ ಕೇಳಿದೆ. "ಮುಂದಿನ ಗಾಲಿಗಳ ಮೇಲಿನ ತೊಟ್ಟಿಯಲ್ಲಿ ನೀರು, ಹಿಂದಿನದರಲ್ಲಿ ಕಲ್ಲಿದ್ದಲು, ಅಲ್ವಾ ಸಾರ್?"

"ಅಲ್ಲ. ಮುಂದೆ ಕಲ್ಲಿದ್ದಲು."

"ಬೆಂಕಿಗೂಡು ಹಿಂದೆ ಇರೋದಲ್ವಾ? ಮುಂದಿನಿಂದ ಕಲ್ಲಿದ್ದಲು ತಂದು ಹಾಕೋದು ಹೇಗೆ?"

ಅವರ ಮೀಸೆ ಅಲುಗಿತು. "ಟೀಚರ್ರೇ, ಎಂಜಿನ್ ಮೇಲೆ ನಿಂತಿದ್ದು ನೀವಾ, ನಾನಾ?"

ನಾನು ಪೆನ್ನು ಮುಚ್ಚಿದೆ. ಪುಸ್ತಕಗಳು ಹೇಳುವುದು ಒಂದು, ಕಂಡವರು ಹೇಳುವುದು ಇನ್ನೊಂದು. ಕೊನೆಗೆ ಒಳಗಿನಿಂದ ಮಗಳೇ ಹೇಳಿದಳು. "ಅಪ್ಪಾ, ನೀವು ಆ ಎಂಜಿನ್ನಲ್ಲಿ ಇದ್ದಿದ್ದು ಒಂದು ಬೇಸಿಗೆ ಮಾತ್ರ ಅಲ್ವಾ? ಆಮೇಲೆ ಪಾರ್ಸೆಲ್ ಆಫೀಸಿಗೆ ಹಾಕಿದ್ರು ಅಂತಿದ್ರಿ."

ಕೆಳಗೆ ಬಾಳೆಹೊನ್ನೂರಿನ ಬಸ್ಸು ಬಂದು ನಿಂತು ಹೋಯಿತು, ಅವರು ಅದರ ಹೊತ್ತನ್ನೂ ನೋಡಲಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದರು. "ಕಲ್ಲಿದ್ದಲು ಎಲ್ಲಿತ್ತೋ, ಮರೆತೆ. ಬಿಸಿ ನೆನಪಿದೆ. ಇಬ್ಬರು ಹಾಕ್ತಿದ್ವಿ, ಸಾಲ್ತಿರಲಿಲ್ಲ. ಇನ್ನೊಂದು ಅಂದ್ರೆ, ತಿರುವಿನಲ್ಲಿ ಹೊರಗೆ ತಲೆ ಹಾಕಿದ್ರೆ ಮುಂದಿನ ತೊಟ್ಟಿ ನಮ್ಮನ್ನ ಬಿಟ್ಟು ಬೇರೆ ಕಡೆ ಹೋಗ್ತಿದ್ದ ಹಂಗೆ ಕಾಣ್ತಿತ್ತು. ಮೊದಲ ದಿನ ಹೆದರಿಕೆಯಾಗಿ ಕೂಗಿಕೊಂಡಿದ್ದೆ. ಡ್ರೈವರ್ ನಕ್ಕಿದ್ದ."

ಮೂರು ಭಾನುವಾರಕ್ಕೆ ನನಗೆ ದಕ್ಕಿದ್ದು ಇದೊಂದು. ಆದರೆ ಇದು ಯಾವ ಇಂಗ್ಲಿಷ್ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಹೊರಡುವಾಗ ಅಮೆರಿಕದ ಮೂರು ಗುಂಪಿನ ಎಂಜಿನ್ನಿನ ಬಗ್ಗೆ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಓಡದೇ ಇದ್ದ ಎಂಜಿನ್ ಕಥೆ ಯಾಕೆ ಬರೀತೀರಿ? ನಮ್ದು ಓಡ್ತಿತ್ತು," ಅಂದರು.

ಮುಂದಿನ ಮಳೆಗಾಲ ಪೂರ್ತಿ ಈ ಎಂಜಿನ್ನುಗಳ ಎಂಟನೇ ಅಧ್ಯಾಯ ಬರೆದೆ. ಕರೆಂಟು ವಾರಕ್ಕೆರಡು ದಿನ ಬಂದರೆ ಹೆಚ್ಚು. ಕಾಗದ ತೇವ ಹೀರಿ ಪೆನ್ನಿನ ಶಾಯಿ ಹರಡಿಕೊಳ್ಳುತ್ತಿತ್ತು, ಅದಕ್ಕೆ ಹಾಳೆಗಳನ್ನು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿಕೊಂಡು ಬರೆಯುತ್ತಿದ್ದೆ. ಮೂರು ಗುಂಪಿನ ಎಂಜಿನ್ ಯಾಕೆ ಸೋತಿತು ಅನ್ನುವುದನ್ನು ಹೇಗೆ ಬರೆದರೂ ಪಾಠದಂತಾಗುತ್ತಿತ್ತು. ಹರಿದು ಹಾಕುವುದು, ಮತ್ತೆ ಬರೆಯುವುದು. ಒಂದು ದಿನ ಅತ್ತೆ ಬಂದು ಪಕ್ಕದಲ್ಲಿ ಕೂತು, "ಎಂತದು ಅಷ್ಟು ಕಷ್ಟದ್ದು, ನಂಗೂ ಹೇಳು," ಅಂದರು.

ನಾನು ಹೇಳಿದೆ. ಬಾಯ್ಲರು ಒಂದೇ, ಉಗಿ ಕೇಳುವವರು ಮೂರು ಗುಂಪು. ಅದೂ ಅಲ್ಲದೆ, ಮುಂದಿನ ಗಾಲಿಗಳನ್ನು ತಿರುಗಿಸಿದ ಉಗಿ ಚಿಮಣಿಯಲ್ಲಿ ಹೊರಗೆ ಹೋಗುತ್ತಾ ಬೆಂಕಿಗೆ ಗಾಳಿ ಎಳೆದುಕೊಡುತ್ತದೆ. ಹಿಂದಿನ ಗುಂಪಿನ ಉಗಿ ಹಿಂದಿನಿಂದಲೇ ಹೊರಟುಹೋಗುತ್ತದೆ, ಬೆಂಕಿಗೆ ಅದರಿಂದ ಪ್ರಯೋಜನವಿಲ್ಲ. ಕಲ್ಲಿದ್ದಲು, ನೀರು ಖರ್ಚಾದ ಹಾಗೆ ಹಿಂದಿನ ಬಂಡಿ ಹಗುರವಾಗಿ ಅದರ ಗಾಲಿ ಹಳಿಯ ಮೇಲೆ ಜಾರುತ್ತದೆ.

ಅತ್ತೆ ಸ್ವಲ್ಪ ಯೋಚಿಸಿ, "ಹಂಗಾದ್ರೆ ನಿನ್ನ ಮದುವೆ ದಿನದ ಹಂಡೆ," ಅಂದರು. ನಮ್ಮ ಮದುವೆಯಲ್ಲಿ ಮನೆ ತುಂಬ ನೆಂಟರು, ಬಚ್ಚಲಲ್ಲಿ ಹಂಡೆ ಒಂದೇ. ಒಬ್ಬರು ಮೊಗೆದುಕೊಂಡು ಹೋದಷ್ಟಕ್ಕೂ ತಣ್ಣೀರು ಸುರಿದು, ಕೊನೆಗೆ ಯಾರಿಗೂ ಬಿಸಿನೀರು ಸಿಗದೆ ಎಲ್ಲರೂ ಉಗುರು ಬೆಚ್ಚಗಿನದರಲ್ಲಿ ಮಿಂದರಂತೆ. ಜೊತೆಗೆ ಸೌದೆ ಹಸಿ. ಅದನ್ನೇ ಬರೆದೆ. ಅಧ್ಯಾಯ ಸರಾಗವಾಗಿ ಮುಂದೆ ಸರಿಯಿತು. ಕೊನೆಯಲ್ಲಿ, ಅಂಥದ್ದೊಂದು ಎಂಜಿನ್ನನ್ನು ಬಿಚ್ಚಿ ಎರಡು ಬೇರೆ ಬೇರೆ ಎಂಜಿನ್ ಮಾಡಿ ಬಳಸಿಕೊಂಡ ಕಥೆ ಬರೆದೆ. ಪೇಟೆಯ ಆ ರೈಲ್ವೆ ಹಿರಿಯರು ಹೇಳಿದ ತಿರುವಿನ ಮಾತನ್ನೂ ಸೇರಿಸಿದೆ. ಪುಸ್ತಕದಲ್ಲಿ ನನಗೆ ತೃಪ್ತಿ ಕೊಟ್ಟ ಅಧ್ಯಾಯ ಅದೊಂದೇ.

ಹಸ್ತಪ್ರತಿ ಕಳಿಸಿ ತಿಂಗಳುಗಳಾದರೂ ಸಂಪಾದಕರಿಂದ ಉತ್ತರ ಬರಲಿಲ್ಲ. ಕಡೆಗೆ ನಾನೇ ಪೇಟೆಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ.

"ಪುಸ್ತಕ ಚೆನ್ನಾಗಿದೆ ಮೇಡಂ," ಅಂದರು. "ಆ ಎಂಟನೇ ಅಧ್ಯಾಯ ಮಾತ್ರ ಒಂದು ಪ್ಯಾರಾಕ್ಕೆ ಇಳಿಸಿದ್ದೀನಿ. ಪುಟ ಜಾಸ್ತಿ ಆಗ್ತಿತ್ತು."

"ಅದೇ ಮುಖ್ಯ ಅಧ್ಯಾಯ ಸಾರ್."

"ಸೋತಿದ್ದನ್ನ ಹೇಳಿ ಮಕ್ಕಳಿಗೇನು ಉಪಯೋಗ? ಪ್ರಪಂಚದ ಅತಿ ದೊಡ್ಡ ಎಂಜಿನ್ ಯಾವುದು, ಅದರ ಉದ್ದ ಎಷ್ಟು, ತೂಕ ಎಷ್ಟು, ಅದನ್ನ ಹಾಕಿದ್ದೀನಿ. ಕ್ವಿಜ್‌ಗೆ ಬರುತ್ತೆ."

"ಸೋತಿದ್ದು ಯಾಕೆ ಅಂತ ಗೊತ್ತಾದ್ರೆ ತಾನೆ ಓಡಿದ್ದು ಹೇಗೆ ಅಂತ ಗೊತ್ತಾಗೋದು?"

"ಮತ್ತೆ ಆ ಹಂಡೆ ಗಿಂಡೆ ಬೇಡ ಮೇಡಂ, ಬೇರೆ ಜಿಲ್ಲೆಯವರಿಗೆ ಅರ್ಥ ಆಗಲ್ಲ. ಕೀಲೆಂಜಿನ್ ಅನ್ನೋದೂ ಗ್ರಾಮ್ಯ ಆಯ್ತು. ಸಂಧಿಯುಕ್ತ ಉಗಿಯಂತ್ರ ಅಂತ ಮಾಡಿದ್ದೀನಿ."

ನಾನು ವಾದ ಮಾಡುತ್ತಿದ್ದೆ, ಮೀಟರು ಓಡುತ್ತಿತ್ತು, ಹಿಂದೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಗೇರುಬೀಜದ ಪೊಟ್ಟಣ ಹಿಡಿದು ತಮ್ಮ ಸರದಿಗೆ ಕಾಯುತ್ತಾ ಕೆಮ್ಮುತ್ತಿದ್ದರು. ಮಳೆಗೆ ಲೈನು ಕಡಿದುಹೋಯಿತು. ಮತ್ತೆ ಡಯಲ್ ಮಾಡಿದರೆ ಎಂಗೇಜು. ಮನೆಗೆ ಬಂದು ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆದೆ.

ನಮ್ಮವರೇ, "ಹೋಗಿ ಎದುರಿಗೆ ಮಾತಾಡಿ ಬಾ," ಎಂದು ಹೇಳಿ ಬಸ್ಸು ಹತ್ತಿಸಿದರು. ಹೋದೆ. ಆಫೀಸಿನಲ್ಲಿ ಸಂಪಾದಕರು ತುಂಬ ಗೌರವದಿಂದ ಕಾಫಿ ತರಿಸಿದರು. ಕೆಟ್ಟ ಮನುಷ್ಯರೇನಲ್ಲ. ಒಂದೇ ಕೋಣೆಯಲ್ಲಿ ಒಬ್ಬರೇ ಕೂತು ವರ್ಷಕ್ಕೆ ಅಷ್ಟೊಂದು ಪುಸ್ತಕ ಹೊರತರುತ್ತಿದ್ದವರು. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಆಮೇಲೆ ಮೇಜಿನ ಕೆಳಗಿನಿಂದ ಒಂದು ಕಟ್ಟು ತೆಗೆದು ನನ್ನ ಮುಂದಿಟ್ಟರು. ಪುಸ್ತಕ ಆಗಲೇ ಅಚ್ಚಾಗಿತ್ತು.

ಬಸ್ಸಿನಲ್ಲಿ ಕೂತು ಬಿಡಿಸಿ ನೋಡಿದೆ. ನನ್ನ ಎಂಟನೇ ಅಧ್ಯಾಯ ಆರು ಸಾಲಾಗಿತ್ತು. ಮೂರು ಗುಂಪಿನ ಎಂಜಿನ್ನಿನ ಬಗ್ಗೆ ಇದ್ದದ್ದು, "ಕೆಲವು ಪ್ರಯೋಗಗಳು ವಿಫಲವಾದವು" ಎಂಬ ಒಂದು ವಾಕ್ಯ. ಅದರ ಪಕ್ಕದಲ್ಲಿ ಚಿತ್ರಗಾರರು ಕಲ್ಪಿಸಿ ಬರೆದ ಎಂಜಿನ್ನೊಂದಿತ್ತು. ಅದಕ್ಕೆ ಕೀಲೇ ಇರಲಿಲ್ಲ. ಗಾಲಿಗಳೆಲ್ಲ ಒಂದೇ ಸಾಲಿನಲ್ಲಿ ಝರಿಹುಳದ ಕಾಲಿನಂತೆ ಇದ್ದವು. ಅಂಥದ್ದು ಯಾವ ತಿರುವಿನಲ್ಲೂ ಹೊರಳಲಾರದು ಅಂತ ಹೇಳಲಿಕ್ಕೇ ನಾನು ಒಂದು ಮಳೆಗಾಲ ಕಳೆದಿದ್ದೆ. ಕಡೂರು ಬಂದಾಗ ಪುಸ್ತಕವನ್ನು ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಮೇಲೆ ನನ್ನ ಹೆಸರಿತ್ತು, ಎಸೆಯಲಿಲ್ಲ.

ರೈಲ್ವೆಯ ಹಿರಿಯರಿಗೆ ಒಂದು ಪ್ರತಿ ಕೊಡಬೇಕಿತ್ತು. ಅವರ ಮಾತೇ ಒಳಗಿಲ್ಲವಲ್ಲ ಎಂದು ಎಷ್ಟೋ ದಿನ ಆ ದಾರಿಯಲ್ಲಿ ಹೋಗಲಿಲ್ಲ. ಕಡೆಗೆ ಪೇಟೆಯಲ್ಲಿ ಅವರೇ ಕರೆದು ಕೇಳಿದರು. ಕೊಟ್ಟೆ. ಅವರು ಅಲ್ಲೇ ನಿಂತು ಪುಟ ಮಗುಚಿ, ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು ನಮ್ದಲ್ಲ," ಅಂದರು.

"ಅಲ್ಲ ಸಾರ್. ಯಾರದ್ದೂ ಅಲ್ಲ."

ಅವರು ಪುಸ್ತಕ ಮುಚ್ಚಿ ಬಗಲಲ್ಲಿ ಇಟ್ಟುಕೊಂಡು, ಆ ಅಧಿಕಾರಿ ರಜೆ ಕೊಡದ ಕಥೆಯನ್ನು ಮತ್ತೆ ಶುರು ಮಾಡಿದರು. ನಾನು ಪೂರ್ತಿ ಕೇಳಿಸಿಕೊಂಡೆ.

ಕೆಲವು ವರ್ಷ ಕಳೆದ ಮೇಲೆ ಚಿಕ್ಕಮಗಳೂರಿನಲ್ಲಿ ಇಂಟರ್ನೆಟ್ ಅಂಗಡಿಗಳು ಬಂದವು. ಎಸ್ಸೆಸ್ಸೆಲ್ಸಿ ಪತ್ರಿಕೆ ತಿದ್ದಲು ಹೋದಾಗ ಒಂದು ಮಧ್ಯಾಹ್ನ ಅಲ್ಲಿ ಕೂತು ಆ ಎಂಜಿನ್ನನ್ನು ಹುಡುಕಿದೆ. ಫೋಟೋ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯತೊಡಗಿತು. ಆಕಾಶ, ಚಿಮಣಿ, ಬಾಯ್ಲರಿನ ಬೆನ್ನು, ಮುಂದೆ ನಿಂತಿದ್ದ ಟೋಪಿಯವರ ತಲೆಗಳು. ಗಾಲಿಗಳು ಬರುವಷ್ಟರಲ್ಲಿ ಕರೆಂಟು ಹೋಯಿತು. ಅಂಗಡಿಯವನು, "ಸಂಜೆ ಬನ್ನಿ ಮೇಡಂ," ಅಂದ. ಸಂಜೆ ನನ್ನ ಬಸ್ಸಿತ್ತು. ಮಾರನೆಯ ದಿನ ತಿದ್ದುವ ಕೆಲಸಕ್ಕೆ ಬಂದಾಗ ಹೋಗಿ ಪೂರ್ತಿ ನೋಡಿದೆ. ಪೈಪು, ಕೀಲು ಎಲ್ಲ ನಾನು ಊಹಿಸಿ ಬರೆದ ಹಾಗೆಯೇ ಇದ್ದವು. ಸಂತೋಷ ಆಗಬೇಕಿತ್ತು. ಬದಲಿಗೆ, ಎಂಟನೇ ಅಧ್ಯಾಯದ ಹಾಳೆಗಳು ಈಗ ಎಲ್ಲಿವೆಯೋ ಅನ್ನುವುದೇ ತಲೆಗೆ ಬಂತು. ಇದ್ದ ಒಂದೇ ಪ್ರತಿಯನ್ನು ಕಳಿಸಿದ್ದೆ, ನಕಲು ಇಟ್ಟುಕೊಂಡಿರಲಿಲ್ಲ.

ಅದಾದ ಮೇಲೊಂದು ಸಲ ಸಂಪಾದಕರ ಫೋನು ಬಂತು, ಈ ಸಲ ಮನೆಗೇ. ಪುಸ್ತಕ ಮರುಮುದ್ರಣವಾಗುತ್ತಿದೆ, ಜಪಾನಿನ ವೇಗದ ರೈಲುಗಳ ಬಗ್ಗೆ ಒಂದು ಅಧ್ಯಾಯ ಸೇರಿಸಿಕೊಡಿ ಎಂದರು.

"ನನ್ನ ಎಂಟನೇ ಅಧ್ಯಾಯ ಹಾಕ್ತೀರಾ?"

"ಅದು ಸಿಗಬೇಕಲ್ಲ ಮೇಡಂ. ಆಫೀಸು ಬದಲಾಯಿಸಿದಾಗ ಹಳೇ ಕಾಗದವೆಲ್ಲ ಹೋಯ್ತು."

"ಮತ್ತೆ ಬರೆದುಕೊಡ್ತೀನಿ."

"ನೋಡೋಣ," ಅಂದರು. ಆ ನೋಡೋಣದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ವೇಗದ ರೈಲಿನ ಬಗ್ಗೆ ಬೇರೆ ಯಾರಿಂದಲಾದರೂ ಬರೆಸಿಕೊಳ್ಳಿ ಎಂದು ಹೇಳಿ ಫೋನಿಟ್ಟೆ. ಅವರು ಬರೆಸಿಕೊಂಡರು. ಹೊಸ ಮುದ್ರಣದಲ್ಲೂ ಆ ಝರಿಹುಳದ ಎಂಜಿನ್ ಹಾಗೇ ಇದೆ, ಈ ಸಲ ಬಣ್ಣದಲ್ಲಿ. ಶಾಲೆಯ ಲೈಬ್ರರಿಗೆ ಎರಡು ಪ್ರತಿ ಬಂದಾಗ ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದರು. ನಾನು ಕೈಮುಗಿದು ಹಿಂದಕ್ಕೆ ಬಂದು ನಿಂತೆ.